ಮೊದಲು ಡ್ರಾಯಿಂಗ್ ಮೇಷ್ಟ್ರನ್ನು ಕೊಡಿ

2026ರ ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್ ಮಂಡಿಸುತ್ತ ನಿರ್ಮಲಾ ಸೀತಾರಾಮನ್ ಅವರು 15 ಸಾವಿರ ಪ್ರೌಢಶಾಲೆಗಳಲ್ಲೂ 500 ಕಾಲೇಜುಗಳಲ್ಲೂ ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದು ಲ್ಯಾಬ್ ತೆರೆಯುವ ಪ್ರಸ್ತಾವ ಮುಂದಿಟ್ಟರು. ಮುಂಬೈಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜೀಸ್‌ಗೆ ಇದರ ಹೊಣೆ. 2030ರ ಹೊತ್ತಿಗೆ ಈ ರಂಗಕ್ಕೆ 20 ಲಕ್ಷ ಜನ ಬೇಕಾಗುತ್ತಾರೆಂಬ ಅಂದಾಜೂ ಅದೇ ಭಾಷಣದಲ್ಲಿತ್ತು. ಆಮೇಲೆ ಕೇಳಿಬಂದದ್ದು ಎರಡು ಥರದ ಮಾತು. ಮಕ್ಕಳ ಭವಿಷ್ಯ ಇನ್ನು ಇಲ್ಲೇ ಇದೆ ಎನ್ನುವವರು ಒಂದು ಕಡೆ. ನೆಟ್ಟಗೆ ಓದಲು, ಲೆಕ್ಕ ಮಾಡಲು ಬಾರದ ಮಕ್ಕಳಿಗೆ ರೀಲ್ಸ್ ಮಾಡೋಕೆ ಲ್ಯಾಬ್ ಯಾಕೆ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಅನಿಮೇಷನ್ ಘನವಾದ ವಿದ್ಯೆ. ಅದನ್ನು ವಿಶ್ವವಿದ್ಯಾಲಯದ ಪದವಿಯಾಗಿ, ಸರ್ಕಾರಿ ಕಾಲೇಜಿನ ಫೀಸಿನಲ್ಲಿ, ಮಲೆನಾಡಿನ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಂಥ ಕಡೆಯೇ ಕಲಿಸಬೇಕು. ಆ ಕೆಲಸ ಶುರುವಾಗಬೇಕಾದದ್ದು ಚಿತ್ರ ಬಿಡಿಸಲು ಕಲಿಸುವ ಮೇಷ್ಟ್ರಿಂದ. ಕಂಪ್ಯೂಟರ್ ಆಮೇಲೆ ಬಂದರೂ ನಡೆಯುತ್ತದೆ.

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ. ಅನಿಮೇಷನ್ ಉದ್ಯಮಕ್ಕೆಂದೇ ನೀತಿ ತಂದ ಮೊದಲ ರಾಜ್ಯ ನಮ್ಮದು, ಅದೂ 2012ರಷ್ಟು ಹಿಂದೆ. 2024ರಿಂದ 2029ರವರೆಗಿನ ಈಗಿನ ನೀತಿ 30 ಸಾವಿರ ಹೊಸ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಬೆಂಗಳೂರಿನ ಮಹದೇವಪುರದಲ್ಲಿ ಇದಕ್ಕಾಗಿಯೇ ಉತ್ಕೃಷ್ಟತಾ ಕೇಂದ್ರವಿದೆ. ಚಿತ್ರಕಲೆಯ ಪದವಿ ಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಇವೆ, 1964ರಿಂದ ನಡೆದುಬಂದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಇವೆಲ್ಲ ಒಳ್ಳೆಯ ಕೆಲಸ, ತೆಗಳುವುದಕ್ಕೆ ಏನೂ ಇಲ್ಲ. ಆದರೆ ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಿಂದ ಮಹದೇವಪುರಕ್ಕೆ ಸುಮಾರು 300 ಕಿಲೋಮೀಟರ್. ನೀತಿ ಬರೆದವರ ಲೆಕ್ಕದಲ್ಲಿ ಈ ದೂರ ಇಲ್ಲ. ಮನೆಯ ಖರ್ಚಿನ ಲೆಕ್ಕದಲ್ಲಿ ಮೊದಲ ಸಾಲೇ ಇದು: ಪಿಜಿ ಬಾಡಿಗೆ, ಊಟ, ಲ್ಯಾಪ್‌ಟಾಪ್, ಅದರ ಮೇಲೆ ಫೀಸು.

ನನಗೆ ಗೊತ್ತಿರುವ ಒಬ್ಬ ಹುಡುಗಿ ಪಿಯುಸಿ ವಿಜ್ಞಾನ ಓದಿದವಳು. ಅವಳ ನೋಟ್ ಪುಸ್ತಕದ ಬಲಮೂಲೆಯಲ್ಲಿ ಹಾಳೆಗೊಂದರಂತೆ ಅಡಿಕೆ ಕೊನೆ ಇಳಿಸುವ ಪುಟ್ಟ ಕೊನೆಗಾರ ಇದ್ದಾನೆ. ಹಾಳೆಗಳನ್ನು ಹೆಬ್ಬೆರಳಲ್ಲಿ ಸರಸರನೆ ಬಿಟ್ಟರೆ ಅವನು ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ದಾಟುತ್ತಾನೆ. ಅದನ್ನು ನಾನು ಮತ್ತೆ ಮತ್ತೆ ಬಿಟ್ಟು ನೋಡಿದೆ. ದಾಟುವ ಮೊದಲು ಅವನು ಮೈಯನ್ನು ಎದುರು ದಿಕ್ಕಿಗೆ ವಾಲಿಸಿ ಮರವನ್ನು ತೂಗುತ್ತಾನೆ. ಮರ ಬಾಗಿ ಹಿಂದಕ್ಕೆ ಬರುವ ರಭಸದಲ್ಲೇ ಒಂದು ಕೈ ಮುಂದಿನ ಮರದ ಕಾಂಡಕ್ಕೆ ಹೋಗುತ್ತದೆ. ಮೈ ಆಮೇಲೆ ಬರುತ್ತದೆ, ತಳೆ ಹಾಕಿದ ಕಾಲು ಎಲ್ಲಕ್ಕಿಂತ ಕೊನೆಗೆ. ಬಿಟ್ಟುಹೋದ ಮರ ಎರಡು ಹಾಳೆಯಷ್ಟು ಹೊತ್ತು ಸುಮ್ಮನೆ ಅಲ್ಲಾಡುತ್ತಲೇ ಇರುತ್ತದೆ. ಅನಿಮೇಷನ್ ಕಲಿಸುವವರು ಮೊದಲ ವರ್ಷವಿಡೀ ಕಲಿಸುವುದು ಇದನ್ನೇ. ಡಿಸ್ನಿಯ ಫ್ರಾಂಕ್ ಥಾಮಸ್, ಆಲಿ ಜಾನ್‌ಸ್ಟನ್ ಇಬ್ಬರೂ 1981ರಲ್ಲಿ ಪುಸ್ತಕ ಮಾಡಿ ಕೊಟ್ಟ 12 ತತ್ವಗಳಲ್ಲಿ ಚಲನೆಗೆ ಮುಂಚಿನ ಸಿದ್ಧತೆ ಒಂದು, ಚಲನೆ ನಿಂತ ಮೇಲೂ ಉಳಿಯುವ ಅಲುಗಾಟ ಇನ್ನೊಂದು. ಅವಳು ಆ ಪುಸ್ತಕದ ಹೆಸರು ಕೇಳಿದವಳಲ್ಲ. ತೋಟದಲ್ಲಿ ಕೊನೆಕೊಯ್ಲಿನ ಹೊತ್ತಿಗೆ ತಲೆಯೆತ್ತಿ ನೋಡಿದ್ದಾಳೆ, ಅಷ್ಟೆ.

ಅವಳ ಅಪ್ಪ ಒಳ್ಳೆಯ ಮನುಷ್ಯ. ಅನಿಮೇಷನ್ ಕೋರ್ಸಿನ ಫೀಸು ಕೇಳಿ ಅವರು ಹೇಳಿದ್ದು, “ಎಂತ ಮಾರಾಯ್ರೆ, ಬೊಂಬೆ ಬಿಡಿಸೋಕೆ ವರ್ಷಕ್ಕೆ ಲಕ್ಷಗಟ್ಟಲೆಯಾ? ತೋಟ ಅಡ ಇಡ್ಬೇಕು ಅಷ್ಟೆ.” ಈ ಮಾತಿಗೆ ನಗುವ ಹಕ್ಕು ಯಾರಿಗೂ ಇಲ್ಲ. ನಮ್ಮ ಮೂರೂ ತಾಲ್ಲೂಕಿನ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರ ಜೊತೆ ಸೇರಿತು. ಅಂಥ ತೋಟದ ಪಹಣಿಯನ್ನು ಬ್ಯಾಂಕಿಗೆ ಒಯ್ಯುವ ಮೊದಲು ಅಪ್ಪ ಹತ್ತು ಸಲ ಯೋಚಿಸಲೇಬೇಕು. ಅವರಿಗೆ ಎದುರಾಗಿರುವುದು ಥಳಥಳ ಹೊಳೆಯುವ ಬ್ರೋಷರ್, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂಬ ಮಾತು, ಹೋಟೆಲ್ ಹಾಲಿನಲ್ಲಿ ಉಚಿತ ಸೆಮಿನಾರ್. ಹಿಂದಿನ ವರ್ಷ ಪಾಸಾದವರು ಮಾಡಿದ ಕಿರುಚಿತ್ರ ತೋರಿಸಿ ಎಂದು ಕೇಳಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ಹೇಳಿಕೊಡುವವರೂ ಇಲ್ಲ.

ಪದವಿಯ ಹೆಸರಿನಲ್ಲಿ ಏನೇನು ಆಗಬಹುದು ಎಂಬುದನ್ನು ಕರ್ನಾಟಕ ಒಮ್ಮೆ ಕಣ್ಣಾರೆ ಕಂಡಿದೆ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಖಾಸಗಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ತನ್ನ ವ್ಯಾಪ್ತಿಯ ಹೊರಗೂ ತಾಂತ್ರಿಕ ಮತ್ತು ವೃತ್ತಿ ಕೋರ್ಸುಗಳನ್ನು ನಡೆಸಿತು. 2015ರಲ್ಲಿ ಯುಜಿಸಿ ಪ್ರಕಟಣೆ ಹೊರಡಿಸಿ, 2012–13ರ ನಂತರ ಅದಕ್ಕೆ ಮಾನ್ಯತೆ ಇಲ್ಲ ಎಂದಿತು. ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳು ಕೈಯಲ್ಲಿ ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಆ ಹಗರಣದಿಂದ ನಾವು ಕಲಿಯಬೇಕಿದ್ದ ಪಾಠ ಒಂದೇ: ವಿಶ್ವವಿದ್ಯಾಲಯ ತಾನೇ ನಿಂತು ಕಲಿಸಬೇಕು, ಹೆಸರು ಬಾಡಿಗೆಗೆ ಕೊಡಬಾರದು. ಹೊಸ ಲ್ಯಾಬುಗಳ ಹೆಸರಿನಲ್ಲಿ ಅದೇ ಬಾಡಿಗೆ ವ್ಯವಹಾರ ಮತ್ತೆ ಶುರುವಾಗದಂತೆ ಈಗಲೇ ತಡೆಯಬೇಕು.

ಇನ್ನು, ಅನಿಮೇಷನ್ ಮುಗಿದ ಕಥೆ ಎನ್ನುವವರ ವಾದಕ್ಕೆ ಬರುತ್ತೇನೆ. ಅವರ ಕೈಯಲ್ಲಿ ಗಟ್ಟಿ ಪುರಾವೆಯೇ ಇದೆ. 2025ರ ಫೆಬ್ರುವರಿಯಲ್ಲಿ ಪ್ಯಾರಿಸ್ ಮೂಲದ ದೃಶ್ಯಪರಿಣಾಮ ಕಂಪನಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರು, ಮುಂಬೈಗಳಲ್ಲಿ ಸುಮಾರು 3 ಸಾವಿರ ಜನರ ಕೆಲಸ ಹೋಯಿತು. ಸಂಬಳ ಕೊಡಲೂ ಹಣವಿಲ್ಲವೆಂದು ಕಂಪನಿ ಕೈಚೆಲ್ಲಿತು. 2017ರಲ್ಲಿ ‘ದಿ ಜಂಗಲ್ ಬುಕ್’ಗೆ ದೃಶ್ಯಪರಿಣಾಮದ ಆಸ್ಕರ್ ಬಂದಾಗ ಆ ಕಾಡಿನ ಎಲೆ, ಆ ಪ್ರಾಣಿಗಳ ರೋಮದ ಹಿಂದೆ ಇದೇ ಬಳಗದ ಎಂಪಿಸಿ ಸ್ಟುಡಿಯೊದ ಬೆಂಗಳೂರಿನ ಕೈಗಳೂ ಇದ್ದವು. ಇಂಥದ್ದು ಮೊದಲ ಸಲವೂ ಅಲ್ಲ. 2013ರಲ್ಲಿ ‘ಲೈಫ್ ಆಫ್ ಪೈ’ ಆಸ್ಕರ್ ಗೆಲ್ಲುವ ಕೆಲವೇ ದಿನ ಮೊದಲು, ಅದರ ಹುಲಿಯನ್ನು ರೂಪಿಸಿದ ರಿದಮ್ ಆ್ಯಂಡ್ ಹ್ಯೂಸ್ ದಿವಾಳಿಯೆಂದು ಕೋರ್ಟಿಗೆ ಹೋಗಿತ್ತು.

ಇವುಗಳಿಂದ ತೆಗೆಯಬೇಕಾದ ತೀರ್ಮಾನ ಬೇರೆ ಇದೆ. ನಮ್ಮಲ್ಲಿ ಕೆಲಸಕ್ಕೆ ಸೇರುವ ಹೆಚ್ಚಿನ ಮಕ್ಕಳು ಶುರುಮಾಡುವುದು ರೋಟೊ ವಿಭಾಗದಲ್ಲಿ. ಒಂದು ಸೆಕೆಂಡಿಗೆ 24 ಫ್ರೇಮ್, ಹತ್ತು ಸೆಕೆಂಡಿನ ಶಾಟ್ ಎಂದರೆ 240. ನಾಯಕಿ ಗಾಳಿಗೆ ತಲೆ ತಿರುಗಿಸಿದಳು ಎನ್ನಿ, ಅವಳ ಕೂದಲಿನ ಅಂಚನ್ನು ಹಿನ್ನೆಲೆಯಿಂದ ಬಿಡಿಸಿಕೊಳ್ಳಲು ಗೆರೆಯನ್ನು ಫ್ರೇಮ್ ಫ್ರೇಮಿಗೂ ಸರಿಸುತ್ತ ಹೋಗಬೇಕು. ಕಣ್ಣು ಉರಿಯುವ ಕೆಲಸ, ತಾಳ್ಮೆಯ ಕೆಲಸ, ಡೆಡ್‌ಲೈನ್ ಬಂದರೆ ರಾತ್ರಿಯಿಡೀ ಕೂರುವ ಕೆಲಸ. ಆದರೆ ಆ ನಾಯಕಿ ಯಾಕೆ ತಿರುಗಿದಳು, ಎಷ್ಟು ನಿಧಾನವಾಗಿ ತಿರುಗಬೇಕಿತ್ತು ಎಂದು ನಿರ್ಧರಿಸಿದವರು ಸಾಗರದಾಚೆ ಇದ್ದಾರೆ. ಕೃತಕ ಬುದ್ಧಿಮತ್ತೆ ಎಲ್ಲಕ್ಕಿಂತ ಮೊದಲು ಕೈ ಹಾಕಿರುವುದು ಈ ಅಂಚು ಬಿಡಿಸುವ ಕೆಲಸಕ್ಕೆ. ಆರು ತಿಂಗಳಲ್ಲಿ ಒಂದು ಸಾಫ್ಟ್‌ವೇರ್ ಕಲಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಮಕ್ಕಳನ್ನು ತಯಾರು ಮಾಡುತ್ತಿರುವುದೂ ಇದಕ್ಕೇ. ಬಟನ್ ಒತ್ತುವುದಷ್ಟನ್ನೇ ಕಲಿತವನ ಕೆಲಸವನ್ನು ಮುಂದಿನ ಬಟನ್ ಕಸಿದುಕೊಳ್ಳುತ್ತದೆ. ಸರ್ಕಾರ ಕಟ್ಟಲಿರುವ ಲ್ಯಾಬುಗಳೂ ಇದೇ ದಾರಿ ಹಿಡಿದರೆ 20 ಲಕ್ಷದ ಅಂದಾಜು ನಂಬಿ ಬಂದ ಮಕ್ಕಳಿಗೆ ದೊಡ್ಡ ಅನ್ಯಾಯವಾಗುತ್ತದೆ.

2025ರ ಮಾರ್ಚ್‌ನಲ್ಲಿ ಎಲ್ಲರ ಮೊಬೈಲಿನಲ್ಲೂ ಜಿಬ್ಲಿ ಶೈಲಿಯ ಫೋಟೊಗಳು ಹರಿದಾಡಿದವು. ಮದುವೆಯ ಫೋಟೊ ಹಾಕಿದರೆ ಜಪಾನಿನ ಚಿತ್ರದಂತೆ ಬರುತ್ತಿತ್ತು. ಆ ಶೈಲಿ ಎಲ್ಲಿಂದ ಬಂತು? 1985ರಲ್ಲಿ ಶುರುವಾದ ಜಿಬ್ಲಿ ಸ್ಟುಡಿಯೊದಲ್ಲಿ ಹಯಾವೊ ಮಿಯಾಝಾಕಿ ಮತ್ತು ಅವರ ಜೊತೆಗಾರರು ಮಳೆ, ಗಾಳಿ, ಹುಲ್ಲು, ಅನ್ನದ ಬಟ್ಟಲಿನ ಹಬೆಯನ್ನು ದಶಕಗಟ್ಟಲೆ ಕೈಯಿಂದ ಬಿಡಿಸಿದ್ದರಿಂದ ಬಂತು. ಯಂತ್ರ ಅದನ್ನು ನಕಲು ಮಾಡಿತು. ನಮ್ಮ ಮಕ್ಕಳು ಆಗುಂಬೆಯ ಮಳೆಯನ್ನು ಹಾಗೆ ಕೂತು ನೋಡಿ ಬಿಡಿಸಿದರೆ ಮಾತ್ರ ಅವರದೆನ್ನುವ ಶೈಲಿ ಹುಟ್ಟುತ್ತದೆ. ಅದಕ್ಕೆ ವರ್ಷಗಳು ಬೇಕು. ತಿದ್ದುವ ಗುರು ಬೇಕು. ಪಕ್ಕದಲ್ಲಿ ಕೂತು ತಪ್ಪು ಹೇಳುವ ಸಹಪಾಠಿಗಳೂ ಬೇಕು. ವಿಶ್ವವಿದ್ಯಾಲಯ ಕೊಡಬಲ್ಲದ್ದು ಇದನ್ನೇ.

ಪದವಿಯೇ ಬೇಡ, ಯೂಟ್ಯೂಬ್ ನೋಡಿ ಕಲಿಯಬಹುದು ಎನ್ನುವವರ ಮಾತಿನಲ್ಲೂ ಹುರುಳಿದೆ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದಾದ ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ. ನೆರೆ ಬಂದ ಲೋಕದಲ್ಲಿ ಒಂದು ಬೆಕ್ಕು ದೋಣಿ ಹತ್ತುವ ಕಥೆ, ಒಂದೂ ಮಾತಿಲ್ಲ. ನಿರ್ದೇಶಕ ಗಿಂಟ್ಸ್ ಝಿಲ್ಬಾಲೊಡಿಸ್ ತಮ್ಮ ಹಿಂದಿನ ಚಿತ್ರ ‘ಅವೇ’ಯನ್ನು ಪೂರ್ತಿ ಒಬ್ಬರೇ ಮಾಡಿದ್ದರು. ಆದ್ದರಿಂದ ದುಬಾರಿ ಸಾಫ್ಟ್‌ವೇರಿನ ಹೆಸರಲ್ಲಿ ದುಬಾರಿ ಫೀಸು ಕೇಳುವವರ ವಾದ ಬಿದ್ದುಹೋಗುತ್ತದೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ, ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಮನೆಯ ಹುಡುಗಿಗೆ “ನೀನೇ ಕಲಿತುಕೋ” ಎನ್ನುವುದು ಕೈತೊಳೆದುಕೊಳ್ಳುವ ಮಾತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಳ್ಳೆಯ ಕಂಪ್ಯೂಟರ್ ಇಟ್ಟುಕೊಂಡ ಮಗುವಿಗೆ ಸ್ವಂತ ಕಲಿಕೆ ಸಾಕಾಗಬಹುದು. ಇವಳಿಗೆ ಕಾಲೇಜು ಬೇಕು.

ಸರ್ಕಾರಿ ಸಂಸ್ಥೆಯೊಂದು ಮಲೆನಾಡಿನ ಮಗುವಿಗೆ ಏನು ಮಾಡಬಲ್ಲದು ಎಂಬುದಕ್ಕೆ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರನ್ನು ನೋಡಿ. ಆ ಊರಿನ ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆ, ಅದು ಅವರನ್ನು ಒಳಗೆ ಬಿಟ್ಟುಕೊಂಡಿತು. 1977ರಲ್ಲಿ ‘ಘಟಶ್ರಾದ್ಧ’ ಸ್ವರ್ಣಕಮಲ ತಂದಿತು. ಹಳ್ಳಿಯಲ್ಲಿ ಕಲೆಯ ಶಾಲೆ ನಡೆಯುವುದಿಲ್ಲ ಎನ್ನುವವರಿಗೆ ಹೆಗ್ಗೋಡು ಉತ್ತರ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾಗ ಅಡಿಕೆ ತೋಟದ ನಡುವೆ ನಾಟಕ ಕಲಿಯಲು ಯಾರು ಬರುತ್ತಾರೆ ಎಂದು ಕೇಳಿದವರು ಇದ್ದೇ ಇದ್ದರು. ಇಡೀ ಕರ್ನಾಟಕದಿಂದ ಮಕ್ಕಳು ಬಂದರು, ಇವತ್ತಿಗೂ ಬರುತ್ತಾರೆ. ನೀನಾಸಮ್‌ನ ಕೆ.ವಿ. ಸುಬ್ಬಣ್ಣನವರು ರಂಗಭೂಮಿಯ ಜೊತೆಗೇ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನೂ ತೋರಿಸಿದರು.

ಮಾರುಕಟ್ಟೆಯ ಮಾತನ್ನೂ ಆಡೋಣ. ‘ಕೆಜಿಎಫ್’ ಮೊದಲ ಭಾಗಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ದೃಶ್ಯಪರಿಣಾಮದ ಗೌರವ ಬಂತು. 2025ರ ಜುಲೈಯಲ್ಲಿ ತೆರೆಕಂಡ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ವನ್ನು ಪ್ರಸ್ತುತಪಡಿಸಿದ್ದು ಬೆಂಗಳೂರಿನ ಹೊಂಬಾಳೆ ಸಂಸ್ಥೆ. ಅನಿಮೇಷನ್ ಎಂದರೆ ಮಕ್ಕಳಾಟ ಎಂದುಕೊಂಡಿದ್ದ ಥಿಯೇಟರುಗಳಲ್ಲಿ ಹಿರಿಯರೂ ಕೂತು ನೋಡಿದರು. ಇನ್ನೊಂದು ಕಡೆ, ಕನ್ನಡದ ಮನೆಮನೆಯ ಗೋವಿನ ಕಥೆಯನ್ನು ಆಧರಿಸಿ ವಿ. ರವಿಶಂಕರ್ ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಿತ್ರವನ್ನು ಸಂಸ್ಕೃತದಲ್ಲಿ ಮಾಡಿದರು. ಅದಕ್ಕೆ ಹಣ ಜನರಿಂದ ಚಂದಾ ಎತ್ತಿ ಬಂದದ್ದು. 2020ರಲ್ಲಿ ಅದು ನೆಟ್‌ಫ್ಲಿಕ್ಸ್ ತಲುಪಿದ್ದು ಸಂತೋಷ, ಆದರೆ ಆ ಹಸುವಿಗೆ ಕನ್ನಡದ ಸ್ಟುಡಿಯೊ, ಕನ್ನಡದ ಹಣ ಸಿಗಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ. ನೋಡುವ ಜನ ಇದ್ದಾರೆ, ಹೇಳುವ ಕಥೆ ಇದೆ. ನಡುವೆ ಕೊರತೆ ಇರುವುದು ಸ್ವಂತ ಕಥೆಯನ್ನು ಸ್ವಂತ ಗೆರೆಯಲ್ಲಿ ಕಟ್ಟಲು ಕಲಿತ ಕನ್ನಡದ ಹುಡುಗ ಹುಡುಗಿಯರದು.

ಮತ್ತೆ ಪ್ರೌಢಶಾಲೆಗೆ ಬರುತ್ತೇನೆ, ಎಲ್ಲದರ ಬೇರು ಅಲ್ಲಿದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರು ನಿವೃತ್ತರಾದರೆ ಆ ಹುದ್ದೆ ಖಾಲಿಯಾಗಿಯೇ ಉಳಿಯುವುದು ಮಾಮೂಲಾಗಿದೆ. ಡ್ರಾಯಿಂಗ್ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುತ್ತಿದ್ದವರು, ಪ್ರತಿಭಾ ಕಾರಂಜಿಗೆ ಕರೆದೊಯ್ಯುತ್ತಿದ್ದವರು ಅವರೇ. ಅವರಿಲ್ಲದ ಶಾಲೆಯಲ್ಲಿ ಲ್ಯಾಬ್ ತೆರೆದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಕಂಪ್ಯೂಟರ್ ಕೊಠಡಿಗಳು ಧೂಳು ಹಿಡಿದು ಕೂತದ್ದನ್ನು ನಾವೆಲ್ಲ ನೋಡಿಯಾಗಿದೆ.

ಕುವೆಂಪು ವಿಶ್ವವಿದ್ಯಾಲಯ 1987ರಿಂದ ಶಂಕರಘಟ್ಟದಲ್ಲಿದೆ, ನಮಗೆ ಭದ್ರಾ ಹಿನ್ನೀರಿನ ಆಚೆ ದಂಡೆ. ಅದು ಯಾರ ಹೆಸರು ಹೊತ್ತಿದೆಯೋ ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕುಲಪತಿಗಳಿಗೆ, ಶೃಂಗೇರಿ ಕ್ಷೇತ್ರದ ಜನಪ್ರತಿನಿಧಿಗಳಿಗೆ, ಉನ್ನತ ಶಿಕ್ಷಣ ಇಲಾಖೆಗೆ ನನ್ನ ಬೇಡಿಕೆ ಸ್ಪಷ್ಟ. ಈ ಮೂರು ತಾಲ್ಲೂಕುಗಳ ಯಾವುದಾದರೂ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅನಿಮೇಷನ್ ಪದವಿ ಶುರುಮಾಡಿ. 20 ಸೀಟು ಸಾಕು. ಮೊದಲ ವರ್ಷ ಪೆನ್ಸಿಲ್ಲು, ಕಾಗದ, ಮನುಷ್ಯರನ್ನೂ ದನಕರುಗಳನ್ನೂ ನೋಡಿ ಬಿಡಿಸುವ ಅಭ್ಯಾಸ. ಎರಡನೇ ವರ್ಷದಿಂದ ಬ್ಲೆಂಡರ್. ಕಥೆ ಕಲಿಸಲು ಕನ್ನಡ ವಿಭಾಗದವರು, ಅಭಿನಯಕ್ಕೆ ಯಕ್ಷಗಾನದ ಕಲಾವಿದರು, ವರ್ಷಕ್ಕೆರಡು ತಿಂಗಳು ಸ್ಟುಡಿಯೊಗಳಲ್ಲಿ ಕೆಲಸ ಮಾಡಿ ಪಳಗಿದವರು ಅತಿಥಿ ಉಪನ್ಯಾಸಕರಾಗಿ. ಟೆಕ್ನಿಕಲರ್ ಕುಸಿದಾಗ ಕೆಲಸ ಕಳೆದುಕೊಂಡ ಅನುಭವಿಗಳಲ್ಲಿ ಕೆಲವರಾದರೂ ಕಲಿಸಲು ಬಂದಾರು. ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಯೂ ಮೂರು ನಿಮಿಷದ ಒಂದು ಕನ್ನಡ ಚಿತ್ರ ಮುಗಿಸಬೇಕು, ಅದನ್ನು ಊರವರ ಮುಂದೆ ತೋರಿಸಬೇಕು. ಅದರ ಜೊತೆಗೇ ಮೂರೂ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಚಿತ್ರಕಲಾ ಶಿಕ್ಷಕರ ಹುದ್ದೆಗಳನ್ನು, ಲ್ಯಾಬಿನ ಮೊದಲ ಕಂಪ್ಯೂಟರ್ ಬಂದಿಳಿಯುವ ಮುಂಚೆ, ತುಂಬಿ.