ಇಸ್ರೊ ಪ್ರಕರಣ: ಉಳಿದವರಿಗೆ ನ್ಯಾಯ ಎಂದು?

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ದೇಶದ ಉಪಗ್ರಹಗಳ ಮೇಲೆ ಕಣ್ಣಿಟ್ಟು ಕುಳಿತಿದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಜನರಿಗೆ ಇಸ್ರೊ ಎಂಬುದು ದೂರದ ಹೆಸರಲ್ಲ, ಪಕ್ಕದ ಊರಿನ ಹೆಮ್ಮೆ. ಅಂತಹ ಸಂಸ್ಥೆಯ ಹೆಸರಿಗೆ 1994ರ ಕೊನೆಯಲ್ಲಿ ದೇಶದ್ರೋಹದ ಮಸಿ ಬಳಿಯಲಾಯಿತು. ಆ ಮಸಿ ಸುಳ್ಳೆಂದು ಎರಡೇ ವರ್ಷಗಳಲ್ಲಿ ತಿಳಿದುಬಂದರೂ, ಅದನ್ನು ಬಳಿದವರು ಯಾರು ಎಂಬ ಪ್ರಶ್ನೆಗೆ ಮೂರು ದಶಕ ಕಳೆದ ಮೇಲೂ ಅಂತಿಮ ಉತ್ತರ ದೊರೆತಿಲ್ಲ.

ನಡೆದದ್ದನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳಬಹುದು. 1994ರ ಅಕ್ಟೋಬರ್ 20ರಂದು ತಿರುವನಂತಪುರದಲ್ಲಿ ವೀಸಾ ಅವಧಿ ಮೀರಿ ಉಳಿದ ಆರೋಪದ ಮೇಲೆ ಮಾಲ್ದೀವ್ಸ್‌ನ ಮರಿಯಂ ರಶೀದಾ ಅವರನ್ನು ಪೊಲೀಸರು ಬಂಧಿಸಿದರು. ಕೆಲವೇ ವಾರಗಳಲ್ಲಿ ಈ ಸಣ್ಣ ಪ್ರಕರಣ, ಬ್ರಿಟಿಷರ ಕಾಲದ 1923ರ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಗೂಢಚರ್ಯೆಯ ಪ್ರಕರಣವಾಗಿ ಬೆಳೆಯಿತು. ಕ್ರಯೋಜೆನಿಕ್ ಎಂಜಿನ್ ಯೋಜನೆಯ ಹೊಣೆ ಹೊತ್ತಿದ್ದ ನಂಬಿ ನಾರಾಯಣನ್ ಮತ್ತು ಅವರ ಸಹೋದ್ಯೋಗಿ ಡಿ. ಶಶಿಕುಮಾರನ್ ಜೈಲು ಸೇರಿದರು. ಮಾಲ್ದೀವ್ಸ್‌ನ ಮತ್ತೊಬ್ಬ ಮಹಿಳೆ ಫೌಜಿಯಾ ಹಸನ್ ಅವರೊಂದಿಗೆ ಬೆಂಗಳೂರಿನ ಇಬ್ಬರೂ ಆರೋಪಿಗಳ ಪಟ್ಟಿಯಲ್ಲಿದ್ದರು: ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿ ಕೆ. ಚಂದ್ರಶೇಖರ್ ಹಾಗೂ ಗುತ್ತಿಗೆದಾರ ಎಸ್.ಕೆ. ಶರ್ಮಾ.

ಮಾರಾಟವಾಯಿತೆಂದು ಹೇಳಲಾದ ಸರಕಾದರೂ ಯಾವುದು? ಕ್ರಯೋಜೆನಿಕ್ ಎಂಜಿನ್‌ನ ರಹಸ್ಯ. ಆ ತಂತ್ರಜ್ಞಾನಕ್ಕಾಗಿ ಭಾರತ 1991ರಲ್ಲಿ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅಮೆರಿಕ 1992ರಲ್ಲಿ ನಿರ್ಬಂಧ ಹೇರಿದ ನಂತರ ರಷ್ಯಾ ತಂತ್ರಜ್ಞಾನ ಕೊಡಲಾಗದು, ಎಂಜಿನ್‌ಗಳನ್ನು ಮಾತ್ರ ಕೊಡುವೆ ಎಂದು ಹಿಂಜರಿಯಿತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಹೊತ್ತ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಅಂದರೆ 1994ರಲ್ಲಿ ನಮ್ಮ ಕೈಯಲ್ಲೇ ಇರದಿದ್ದ ವಿದ್ಯೆಯನ್ನು ನಮ್ಮ ವಿಜ್ಞಾನಿಗಳು ಮಾರಿದರೆಂಬುದು ಆರೋಪ. ಈ ಸರಳ ಪ್ರಶ್ನೆಯನ್ನು ಬಂಧನಕ್ಕೆ ಮೊದಲೇ ಕೇಳಬಹುದಿತ್ತು.

ಕೇಳುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಪೊಲೀಸ್ ಮೂಲಗಳು ಹೇಳಿದ್ದನ್ನು ಮಾಧ್ಯಮಗಳು ಕತೆ ಕಟ್ಟಿ ಬಡಿಸಿದವು. ಕೇರಳದ ರಾಜಕೀಯ ಬಣಗಳಿಗೆ ಅದು ಆಯುಧವಾಯಿತು. 1995ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಕೆ. ಕರುಣಾಕರನ್ ಅಧಿಕಾರ ಬಿಡಬೇಕಾಯಿತು. 1996ರಲ್ಲಿ ಸಿಬಿಐ ಆರೋಪಗಳಿಗೆ ಆಧಾರವಿಲ್ಲವೆಂದು ವರದಿ ಸಲ್ಲಿಸಿತು. ನ್ಯಾಯಾಲಯ ಅದನ್ನು ಒಪ್ಪಿ ಎಲ್ಲರನ್ನೂ ಬಿಡುಗಡೆಗೊಳಿಸಿತು. ಆದರೂ ಕೇರಳ ಸರ್ಕಾರ ತನ್ನ ಪೊಲೀಸರಿಂದಲೇ ಮರುತನಿಖೆಗೆ ಮುಂದಾಯಿತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 1998ರ ಏಪ್ರಿಲ್ 29ರಂದು ರದ್ದುಗೊಳಿಸಿ, ಆರೋಪಿಗಳಿಗೆ ತಲಾ ಒಂದು ಲಕ್ಷ ರೂಪಾಯಿ ವೆಚ್ಚ ಕೊಡುವಂತೆ ಸೂಚಿಸಿತು. ಆ ತೀರ್ಪು ಕಾನೂನಿನ ಗ್ರಂಥಗಳಲ್ಲಿ ದಾಖಲಾಗಿರುವುದು ಬೆಂಗಳೂರಿನ ಚಂದ್ರಶೇಖರ್ ಅವರ ಹೆಸರಿನಲ್ಲಿ ಎಂಬುದನ್ನು ಇಂದು ನೆನಪಿಟ್ಟವರು ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಪ್ರಕರಣದಲ್ಲಿ ಗೂಢಚರ್ಯೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ; ಆದ್ದರಿಂದ ಮೇಲ್ಮನವಿಯಲ್ಲಿ ತಿದ್ದಬಹುದಾದ ತೀರ್ಪೂ ಇರಲಿಲ್ಲ. ತನಿಖೆಯೇ ಶಿಕ್ಷೆಯಾಗಿತ್ತು. ನಾರಾಯಣನ್ ಐವತ್ತು ದಿನ ಬಂಧನದಲ್ಲಿದ್ದರು. ಮಾಲ್ದೀವ್ಸ್‌ನ ಮಹಿಳೆಯರು ಮೂರು ವರ್ಷಗಳಷ್ಟು ಕಾಲ ಜೈಲಿನಲ್ಲಿ ಕಳೆದರು. ಆದ್ದರಿಂದ ಈ ಪ್ರಕರಣವನ್ನು ಮತ್ತೆ ತೆರೆಯುವುದೆಂದರೆ ಆರೋಪಿಗಳ ನಿರ್ದೋಷಿತ್ವವನ್ನು ಪುನಃ ಸಾಬೀತುಪಡಿಸುವುದಲ್ಲ, ಆರೋಪ ಹುಟ್ಟಿದ ಬಗೆಯನ್ನು ಶೋಧಿಸುವುದು.

ಆ ಶೋಧಕ್ಕೆ ದಾರಿ ತೆರೆದದ್ದು ನಾರಾಯಣನ್ ಅವರ ಹಟ. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಘೋಷಿಸಿ, ಅಧಿಕಾರಿಗಳ ಪಾತ್ರದ ಪರಿಶೀಲನೆಗೆ ನ್ಯಾಯಮೂರ್ತಿ ಡಿ.ಕೆ. ಜೈನ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿತು. ಮರುವರ್ಷ ಪದ್ಮಭೂಷಣವೂ ಬಂತು. ಸಮಿತಿಯ ವರದಿಯ ನಂತರ 2021ರಲ್ಲಿ ಸಿಬಿಐ ತನಿಖೆಗೆ ಆದೇಶವಾಗಿ, 18 ಮಂದಿಯ ಮೇಲೆ ಎಫ್‌ಐಆರ್ ದಾಖಲಾಯಿತು. 2024ರಲ್ಲಿ ಐವರು ನಿವೃತ್ತ ಅಧಿಕಾರಿಗಳ ವಿರುದ್ಧ ಆರೋಪಪಟ್ಟಿ ಸಲ್ಲಿಕೆಯಾಯಿತು.

ಆದರೆ ಬೆಂಗಳೂರಿನ ಇಬ್ಬರ ಗತಿಯೇನು? ತೀರ್ಪು ಬಂದ ಎರಡೇ ದಿನಗಳಲ್ಲಿ ಚಂದ್ರಶೇಖರ್ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಶರ್ಮಾ ಕೂಡ ಕಣ್ಮುಚ್ಚಿದರು. ಫೌಜಿಯಾ ಹಸನ್ 2022ರಲ್ಲಿ ನಿಧನರಾದರು. ಸುಪ್ರೀಂ ಕೋರ್ಟ್ 2018ರಲ್ಲಿ ಘೋಷಿಸಿದ ಪರಿಹಾರ ಅರ್ಜಿದಾರ ನಾರಾಯಣನ್ ಅವರಿಗೆ ಸಂಬಂಧಿಸಿದ್ದು. ಅವರಿಗೆ ಸಂದದ್ದು ಅತ್ಯಂತ ನ್ಯಾಯಯುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲು ಶತಮಾನ ನ್ಯಾಯಾಲಯದ ಮೆಟ್ಟಿಲು ಹತ್ತುವ ಛಲ, ಆಯುಷ್ಯ ಮತ್ತು ಹೆಸರು ಇದ್ದವರಿಗೆ ಮಾತ್ರ ದಕ್ಕುವುದನ್ನು ನ್ಯಾಯ ವ್ಯವಸ್ಥೆ ಎನ್ನಲಾದೀತೆ?

ಮರುತನಿಖೆಯನ್ನು ವಿರೋಧಿಸುವವರ ವಾದವನ್ನೂ ಕೇಳಬೇಕು. ದೇಶದ ಭದ್ರತೆಯ ವಿಷಯದಲ್ಲಿ ಸಂಶಯ ಬಂದಾಗ ತನಿಖೆ ನಡೆಸುವುದು ಪೊಲೀಸರ ಕರ್ತವ್ಯ; ಪ್ರತಿ ತಪ್ಪಿಗೂ ಅಧಿಕಾರಿಯನ್ನು ಕಟಕಟೆಗೆ ಎಳೆದರೆ ನಾಳೆ ಯಾರೂ ಕೈಹಾಕಲಾರರು ಎನ್ನುತ್ತಾರೆ ಅವರು. ಈ ಮಾತಿನಲ್ಲಿ ಹುರುಳಿದೆ. ಪ್ರಾಮಾಣಿಕ ತಪ್ಪಿಗೂ ಸುಳ್ಳು ಸೃಷ್ಟಿಗೂ ಇರುವ ಅಂತರವನ್ನು ನ್ಯಾಯಾಲಯವೇ ಸಾಕ್ಷ್ಯದ ಮೇಲೆ ನಿರ್ಣಯಿಸಬೇಕು. ಸಮಿತಿಯ ವರದಿಯೊಂದನ್ನೇ ನಂಬಿ ಮುಂದುವರಿಯಬಾರದು, ಸ್ವತಂತ್ರವಾಗಿ ಸಾಕ್ಷ್ಯ ಕಲೆಹಾಕಬೇಕು ಎಂದು ಸುಪ್ರೀಂ ಕೋರ್ಟ್ ಸಿಬಿಐಗೆ ತಿಳಿಸಿದ್ದು ಈ ಕಾರಣಕ್ಕೇ. ಆರೋಪ ಹೊತ್ತಿರುವ ನಿವೃತ್ತ ಅಧಿಕಾರಿಗಳೂ ಅಪರಾಧ ರುಜುವಾತಾಗುವವರೆಗೆ ನಿರ್ದೋಷಿಗಳು. 1994ರಲ್ಲಿ ಆರು ಜನರಿಗೆ ಯಾವುದನ್ನು ನಿರಾಕರಿಸಲಾಯಿತೋ ಅದನ್ನೇ ಇವರಿಗೆ ಕೊಡುವುದು ಕಾನೂನಿನ ದೊಡ್ಡತನ.

ಇತಿಹಾಸದಲ್ಲಿ ಇದಕ್ಕೆ ಸರಿಯಾಗಿ ನೂರು ವರ್ಷ ಹಿಂದಿನ ಹೋಲಿಕೆಯಿದೆ. 1894ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಆಲ್‌ಫ್ರೆಡ್ ಡ್ರೇಫಸ್ ಜರ್ಮನಿಗೆ ರಹಸ್ಯ ಮಾರಿದನೆಂದು ಸುಳ್ಳು ದಾಖಲೆಗಳ ಬಲದಿಂದ ಶಿಕ್ಷೆಗೊಳಗಾದ. 1906ರಲ್ಲಿ ಆತನ ನಿರಪರಾಧಿತ್ವ ಸ್ಥಾಪಿತವಾಯಿತು. ಆದರೂ ಫ್ರಾನ್ಸಿನ ಸಂಸತ್ತು 2025ರಲ್ಲಿ ಆತನಿಗೆ ಮರಣೋತ್ತರ ಬಡ್ತಿ ನೀಡುವ ಮಸೂದೆಯನ್ನು ಚರ್ಚೆಗೆತ್ತಿಕೊಂಡಿತು. ಬ್ರಿಟನ್ ಇನ್ನೂ ಮುಂದೆ ಹೋಗಿ, ಶಂಕಾಸ್ಪದ ಶಿಕ್ಷೆಗಳ ಮರುಪರಿಶೀಲನೆಗೆಂದೇ 1997ರಲ್ಲಿ ಸ್ವತಂತ್ರ ಆಯೋಗ ರಚಿಸಿತು.

ನಮ್ಮಲ್ಲಿ? ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಅಧ್ಯಕ್ಷತೆಯ ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ, ಸುಳ್ಳು ಮೊಕದ್ದಮೆಗಳ ಸಂತ್ರಸ್ತರಿಗೆ ಕಾನೂನಿನನ್ವಯ ಪರಿಹಾರ ನೀಡಬೇಕು, ಅದಕ್ಕೆ ವಿಶೇಷ ನ್ಯಾಯಾಲಯಗಳು ಬೇಕು ಎಂದು ಶಿಫಾರಸು ಮಾಡಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಆಧಾರವಿಲ್ಲದೆ ಬಂಧನಕ್ಕೊಳಗಾದವರಿಗೆ ಅದರಲ್ಲಿರುವ ಪರಿಹಾರ, ಹಳೆಯ ಸಂಹಿತೆಯಲ್ಲಿದ್ದಂತೆಯೇ, ಗರಿಷ್ಠ ಒಂದು ಸಾವಿರ ರೂಪಾಯಿ!

ಐವರು ಅಧಿಕಾರಿಗಳ ವಿಚಾರಣೆ ಹೇಗೆ ಮುಗಿದರೂ ಈ ಕೊರತೆ ಹಾಗೆಯೇ ಉಳಿಯುತ್ತದೆ. 277ನೇ ವರದಿಯನ್ನು ಸಂಸತ್ತು ಕಪಾಟಿನಿಂದ ಹೊರತೆಗೆಯಬೇಕು. ಪರಿಹಾರದ ಹಕ್ಕು ಮೃತ ಆರೋಪಿಗಳ ಕುಟುಂಬಗಳಿಗೂ ಸಲ್ಲುವಂತೆ ಕಾನೂನು ರೂಪಿಸಬೇಕು. ನಂಬಿ ನಾರಾಯಣನ್ ಅವರಿಗೆ ಸಂದ ಗೌರವಕ್ಕೆ ಅರ್ಥ ಬರುವುದು, ಅವರಷ್ಟು ಹೆಸರಿಲ್ಲದವರಿಗೂ ಅದೇ ನ್ಯಾಯ ಕೇಳದೆಯೇ ದೊರೆತಾಗ.