ಪಟ್ಟಿ ಉದ್ದವಿದ್ದರೆ ಸಾಕೇ?

ನಮ್ಮ ಸೋದರಮಾವ ಒಮ್ಮೆ ಬೆಂಗಳೂರಿಂದ ಮಾರ್ಕೋನಹಳ್ಳಿ ಜಲಾಶಯ ನೋಡಲು ಹೊರಟರು. ದಾರಿ ಯಾರನ್ನೂ ಕೇಳಲಿಲ್ಲ. ಅಂತರ್ಜಾಲದಲ್ಲಿ ಪ್ರವಾಸಿ ಸ್ಥಳಗಳ ಒಂದು ದೊಡ್ಡ ಡೈರೆಕ್ಟರಿ ತೆಗೆದು ನೋಡಿಕೊಂಡರಂತೆ. ಅದರಲ್ಲಿ 'ಕುಣಿಗಲ್ ತಾಲ್ಲೂಕು, ರಾಷ್ಟ್ರೀಯ ಹೆದ್ದಾರಿ 48' ಅಂತ ಇತ್ತು. ನೆಲಮಂಗಲದಲ್ಲಿ ಬೋರ್ಡು ನೋಡಿ 48 ಹಿಡಿದರು. ದಾಬಸ್‌ಪೇಟೆ ಮುಟ್ಟಿದ ಮೇಲೆ ನನಗೆ ಫೋನು. "ಏನಪ್ಪಾ, ಕುಣಿಗಲ್ಲೇ ಬರ್ತಾ ಇಲ್ವಲ್ಲ!"

ಹೇಗೆ ಬಂದೀತು? ಅವರು ಹೊರಟಿದ್ದು ತುಮಕೂರಿನ ದಾರಿಯಲ್ಲಿ.

ತಮಾಷೆ ಅಂದ್ರೆ ಡೈರೆಕ್ಟರಿಯಲ್ಲಿದ್ದ ಆ ಸಾಲು ಬರೆದ ದಿನ ಸರಿಯಾಗೇ ಇದ್ದಿರಬೇಕು. ಬೆಂಗಳೂರು-ಕುಣಿಗಲ್-ಹಾಸನ-ಮಂಗಳೂರು ರಸ್ತೆಗೆ ಮೊದಲು 48 ಅಂತಲೇ ಸಂಖ್ಯೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅದು 75 ಆಯಿತು. 48 ಅನ್ನೋ ಸಂಖ್ಯೆ ತುಮಕೂರಿನ ಮೇಲೆ ಪುಣೆ ಕಡೆ ಹೋಗುವ ಹಳೇ 4ನೇ ಹೆದ್ದಾರಿಗೆ ಬಂತು. ಎರಡೂ ದಾರಿ ಕವಲೊಡೆಯೋದು ನೆಲಮಂಗಲದಲ್ಲೇ! ಅಂದರೆ ಹಳೇ ಮಾಹಿತಿ ಬರೀ ಉಪಯೋಗಕ್ಕೆ ಬಾರದೆ ಸುಮ್ಮನಿರಲಿಲ್ಲ, ಕೈ ಹಿಡಿದು ಬೇರೆ ಊರಿಗೆ ಕರೆದುಕೊಂಡು ಹೋಯಿತು.

ಅವತ್ತಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಾ ಇದೆ. ಒಳ್ಳೆಯ ಡೈರೆಕ್ಟರಿ ಅಂದರೆ ಯಾವುದು? "ನಮ್ಮಲ್ಲಿ ಇಷ್ಟು ಸಾವಿರ ತಾಣಗಳಿವೆ" ಅಂತ ಎದೆ ತಟ್ಟಿಕೊಳ್ಳೋದಾ?

ಸ್ವಲ್ಪ ಹಿಂದೆ ಹೋಗೋಣ. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಾಗಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ ತಮಗೆ ಇಷ್ಟವಾದ ಜಾಲತಾಣಗಳ ಪಟ್ಟಿ ಮಾಡಿದರು. ಅದೇ ಯಾಹೂ ಆಯಿತು. 1998ರಲ್ಲಿ ಶುರುವಾದ ಓಪನ್ ಡೈರೆಕ್ಟರಿ, ಅಂದರೆ ಡಿಮೋಜ್, ಸ್ವಯಂಸೇವಕರೇ ಕಟ್ಟಿದ್ದು. ಕನ್ನಡದವರಿಗಂತೂ ಇಂಥ ಪಟ್ಟಿಗಳ ಅಗತ್ಯ ಬೇರೆಯವರಿಗಿಂತ ಹೆಚ್ಚೇ ಇತ್ತು. ಯುನಿಕೋಡ್ ಬರುವ ಮುಂಚೆ ಒಂದೊಂದು ತಾಣಕ್ಕೂ ಒಂದೊಂದು ಫಾಂಟು. ಪರದೆ ಮೇಲೆ ಕನ್ನಡ ಕಂಡರೂ ಸರ್ಚ್ ಎಂಜಿನ್ನಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡ ಪದ ಕೊಟ್ಟು ಹುಡುಕುವ ಮಾತೇ ಇಲ್ಲ. ಯಾರೋ ಪುಣ್ಯಾತ್ಮರು ಕೊಂಡಿಗಳನ್ನು ಒಂದು ಕಡೆ ಸೇರಿಸಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಯಾಹೂ ಡೈರೆಕ್ಟರಿ 2014ರ ಕೊನೆಗೆ ಮುಚ್ಚಿತು. ಡಿಮೋಜ್ 2017ರ ಮಾರ್ಚಿನಲ್ಲಿ. ಮುಚ್ಚುವ ಹೊತ್ತಿಗೆ ಡಿಮೋಜ್‌ನಲ್ಲಿ 38 ಲಕ್ಷಕ್ಕೂ ಹೆಚ್ಚು ತಾಣಗಳು, 10 ಲಕ್ಷಕ್ಕೂ ಹೆಚ್ಚು ವಿಭಾಗಗಳು. ಉದ್ದಕ್ಕೇನೂ ಕಮ್ಮಿ ಇರಲಿಲ್ಲ ಬಿಡಿ. ಆದರೆ ಉದ್ದ ಪಟ್ಟಿಗೆ ಒಂದು ಶಾಪ ಇದೆ. ಸೇರಿಸೋಕೆ ಎಲ್ಲರಿಗೂ ಉತ್ಸಾಹ, ಸೇರಿಸಿದ್ದನ್ನು ಮತ್ತೆ ತೆರೆದು ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಎಷ್ಟು ಪುಟಗಳು ಒಂದೇ ಏಟಿಗೆ ಮಾಯವಾದವು! ಅವಕ್ಕೆ ಕೊಟ್ಟಿದ್ದ ಕೊಂಡಿಗಳು ಮಾತ್ರ ಎಷ್ಟೋ ಪಟ್ಟಿಗಳಲ್ಲಿ ಹಾಗೇ ಉಳಿದವು, ಬೀಗ ಹಾಕಿದ ಮನೆಯ ಬಾಗಿಲಿಗೆ ಕಟ್ಟಿದ ಒಣ ತೋರಣದ ಹಾಗೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮ ಜಿಲ್ಲೆಗೆ ಸಂಬಂಧಪಟ್ಟದ್ದೇ ಇದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟ, 1904ರದ್ದು. ತುಮಕೂರು ಜಿಲ್ಲೆಯ ಶಾಸನಗಳು. ತಾಲ್ಲೂಕುವಾರು ಜೋಡಿಸಿ ಒಂದೊಂದು ಶಾಸನಕ್ಕೂ ಒಂದು ಸಂಖ್ಯೆ, ಯಾವ ಊರು, ಆ ಊರಲ್ಲಿ ಕಲ್ಲು ಎಲ್ಲಿದೆ ಅನ್ನೋ ವಿವರ. ಈಗಲೂ ವಿದ್ವಾಂಸರು ಆ ಸಂಖ್ಯೆ ಹೇಳಿಯೇ ಶಾಸನ ಗುರುತಿಸುತ್ತಾರೆ. ಕಂಪ್ಯೂಟರೇ ಇಲ್ಲದ ಕಾಲದ ಡೈರೆಕ್ಟರಿ ನೂರು ವರ್ಷ ದಾಟಿಯೂ ಕೆಲಸ ಮಾಡುತ್ತಿದೆ! ಯಾಕೆ? ಮಾಡಿದವರಿಗೆ ತಮ್ಮ ಪಟ್ಟಿಯನ್ನು ಯಾರು, ಯಾತಕ್ಕೆ ನೋಡುತ್ತಾರೆ ಅಂತ ಗೊತ್ತಿತ್ತು.

ಹೆಸರಿನ ಗೋಜಲು ನೋಡಿ. ಮಾರ್ಕೋನಹಳ್ಳಿಯನ್ನು ಮಾರ್ಕೊನಹಳ್ಳಿ ಅಂತಲೂ ಬರೀತಾರೆ. ಪಕ್ಕದ ಯಡಿಯೂರು ಕೆಲವರಿಗೆ ಎಡೆಯೂರು. ಮೇಲಾಗಿ ಬೆಂಗಳೂರಿನ ಜಯನಗರದ ಹತ್ತಿರವೂ ಒಂದು ಯಡಿಯೂರಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ತುಮಕೂರು ಅಂತಲೇ ಬರೆಯಬೇಕು ಅಂತಾಯಿತು, ಹಳೇ ಪಟ್ಟಿಗಳಲ್ಲಿ ಟುಮ್ಕೂರ್. ಒಳ್ಳೆಯ ಡೈರೆಕ್ಟರಿ ಯಾವ ಕಾಗುಣಿತದಲ್ಲಿ ಹುಡುಕಿದರೂ ಒಂದೇ ಕಡೆ ತಲುಪಿಸಬೇಕು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಒಂದು ಕೋಡ್ ಕೊಟ್ಟಿರೋದು ಇದೇ ಕಾರಣಕ್ಕೆ. ಹೆಸರು ಹೇಗೇ ಬರೆದರೂ ಕೋಡ್ ನೋಡಿದರೆ ಯಾವ ಊರು ಅಂತ ಗೊತ್ತಾಗುತ್ತೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಕೊಂಡಿಯ ಕೆಳಗೆ ಬರೆಯುವ ಆ ಒಂದು ಸಾಲಿನ ವಿವರಣೆ. ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಈ ಅಣೆಕಟ್ಟಿನ ವಿಶೇಷವೇ ಸೈಫನ್. ನೀರು ನಿಗದಿತ ಮಟ್ಟ ಮುಟ್ಟಿದರೆ ಗೇಟು ಎತ್ತೋಕೆ ಯಾರೂ ಬೇಡ, ಅದು ತಾನಾಗಿಯೇ ನೀರನ್ನು ಎಳೆದು ಹೊರಗೆ ಎಸೆಯುತ್ತೆ. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ. ಆದರೆ ಕೆಳಗೆ ನೀರಲ್ಲಿ ಆಡುತ್ತಾ ನಿಂತವರಿಗೆ? 2025ರ ಅಕ್ಟೋಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ ಒಂದೇ ಕುಟುಂಬದ ಹಲವರು ಹಾಗೆ ಏಕಾಏಕಿ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ಅವರು ಯಾವ ಪಟ್ಟಿ ನೋಡಿ ಬಂದರು, ನೋಡಿದ್ದರೋ ಇಲ್ಲವೋ, ಅದು ನನ್ನ ಮಾತಲ್ಲ. ನನ್ನ ಮಾತು ಇಷ್ಟೇ. ಈ ಜಾಗದ ಬಗ್ಗೆ 'ರಮಣೀಯ ಪಿಕ್ನಿಕ್ ತಾಣ' ಅಂತ ಬರೆದು ಸೈಫನ್ ಬಗ್ಗೆ ಒಂದಕ್ಷರ ಹೇಳದ ಸಾಲು ಅರೆಬರೆ ಸಾಲಲ್ಲ, ಅಪಾಯದ ಸಾಲು. 'ಮಳೆಗಾಲದಲ್ಲಿ ಸೈಫನ್ ಕೆಳಗೆ ಇಳಿಯಬೇಡಿ, ನೀರು ಹೇಳದೆ ಕೇಳದೆ ಬರುತ್ತೆ' ಅಂತ ಬರೆದರೆ ಹತ್ತು ಪದ ಆಗುತ್ತಾ? ಆ ಹತ್ತು ಪದ ಬರೆಯೋಕೆ ಜಾಗದ ಬಗ್ಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಬೇಕು. ಬೇರೆ ಪಟ್ಟಿಯಿಂದ ನಕಲು ಹೊಡೆದರೆ ಆಗಲ್ಲ.

ದುಡ್ಡಿನ ವಿಷಯಾನೂ ಹೇಳಿಬಿಡ್ತೀನಿ. ಯಾಹೂ ತನ್ನ ಡೈರೆಕ್ಟರಿಗೆ ವ್ಯಾಪಾರಿ ತಾಣಗಳಿಂದ ವರ್ಷಕ್ಕೆ 299 ಡಾಲರ್ ತೆಗೆದುಕೊಳ್ಳುತ್ತಿತ್ತು. ಪರಿಶೀಲನೆಗೆ ಶುಲ್ಕ ತಗೊಳ್ಳೋದು ತಪ್ಪು ಅಂತ ನಾನು ಹೇಳಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ದುಡ್ಡು ಕೊಟ್ಟು ಬಂದದ್ದು ಯಾವುದು, ಯೋಗ್ಯತೆಯಿಂದ ಬಂದದ್ದು ಯಾವುದು ಅಂತ ಓದುವವನಿಗೆ ಗೊತ್ತಾಗಬೇಕು. ಅದನ್ನು ಮುಚ್ಚಿಟ್ಟರೆ ಅದು ಡೈರೆಕ್ಟರಿ ಅಲ್ಲ, ಜಾಹೀರಾತು ಗೋಡೆ.

ನಮ್ಮಲ್ಲಿ ಬಹಳ ಜನ ಪಕ್ಕದಲ್ಲಿ ಕೊಂಡಿಗಳ ಪಟ್ಟಿ ಇಟ್ಟುಕೊಂಡಿದ್ದೇವೆ. ಅದೂ ಒಂದು ಪುಟ್ಟ ಡೈರೆಕ್ಟರಿಯೇ ಅಲ್ಲವೇ? ಇದನ್ನು ಬರೆಯೋ ಮುಂಚೆ ನನ್ನದನ್ನು ಒಂದೊಂದಾಗಿ ಒತ್ತಿ ನೋಡಿದೆ. 41ರಲ್ಲಿ 17 ತೆರೆಯಲೇ ಇಲ್ಲ. ಮಾವನ ದಾರಿ ತಪ್ಪಿಸಿದವರನ್ನು ಬೈದುಕೊಂಡಿದ್ದವನು ನಾನೇ! ನಾಚಿಕೆಯಾಯಿತು. ಸತ್ತ ಹದಿನೇಳನ್ನು ತೆಗೆದೆ. ಉಳಿದವಕ್ಕೆ ಒಂದೊಂದು ಸಾಲು ಬರೆದು, ಕೊನೆಗೆ 'ನೋಡಿದ ದಿನಾಂಕ' ಅಂತ ಹಾಕಿದೆ. ಪಟ್ಟಿ ಗಿಡ್ಡವಾಯಿತು. ಆದರೆ ಈಗ ಅದನ್ನು ನಂಬಬಹುದು.

ಅಣೆಕಟ್ಟಿಗೆ ಸೈಫನ್ ಇದೆ, ಹೆಚ್ಚಾದದ್ದು ತಾನಾಗಿ ಹೊರಗೆ ಹೋಗುತ್ತೆ. ಪಟ್ಟಿಗೆ ಆ ಸೌಲಭ್ಯ ಇಲ್ಲ. ತಳದಲ್ಲಿ ತುಂಬಿದ ಹೂಳನ್ನು ಯಾರಾದರೂ ಕೈಯಾರೆ ಎತ್ತಬೇಕು.

ನಿಮ್ಮ ಪಟ್ಟಿಯನ್ನು ಕೊನೆಯ ಸಲ ಯಾವಾಗ ಒತ್ತಿ ನೋಡಿದಿರಿ?