ವರ್ತಕರು ತೆರುವ ವಟ್ಟ

100 ರೂಪಾಯಿಯ ಸರಕನ್ನು ಮಾರಿ 98 ರೂಪಾಯಿಗಳನ್ನು ಮಾತ್ರ ಪಡೆಯುವ ವರ್ತಕನನ್ನು ಕಂಡರೆ ಹಿಂದಿನವರು ನಕ್ಕುಬಿಡುತ್ತಿದ್ದರು. ಇಂದು ಕ್ರೆಡಿಟ್ ಕಾರ್ಡನ್ನು ಒಪ್ಪುವ ಅಂಗಡಿಕಾರರೆಲ್ಲರೂ ಹೆಚ್ಚುಕಡಮೆ ಇದನ್ನೇ ಮಾಡುತ್ತಿರುವರು. ಶೇಕಡಾ 2ರ ಆಸುಪಾಸಿನಲ್ಲಿ ಮುರಿದುಕೊಂಡು ಉಳಿದುದನ್ನು ಬ್ಯಾಂಕು ಅವರ ಖಾತೆಗೆ ಜಮಾ ಮಾಡುತ್ತದೆ. ಮುರಿದ ಹಣದಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೂ, ಉಳಿದುದು ಅಂಗಡಿಯಲ್ಲಿ ಯಂತ್ರವಿಟ್ಟ ಬ್ಯಾಂಕಿಗೂ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮೊದಲಾದ ಸಂಸ್ಥೆಗಳಿಗೂ ಸಲ್ಲುವುದು.

ಆದರೆ ವರ್ತಕನು ಲೆಕ್ಕವರಿಯದವನಲ್ಲ. ಉದ್ರಿ ಕೊಡದೆ ವ್ಯಾಪಾರ ನಡೆಯದೆಂಬುದನ್ನು ಅವನು ತಾತನ ಕಾಲದಿಂದಲೂ ಬಲ್ಲನು. ಉದ್ರಿ ಪುಸ್ತಕದಲ್ಲಿ ಬರೆದುದು ಎಷ್ಟು ವಸೂಲಾದೀತು, ಎಷ್ಟು ಮುಳುಗೀತು, ಕೇಳಹೋದರೆ ಎಷ್ಟು ಮಂದಿ ಗಿರಾಕಿಗಳು ಎದುರಂಗಡಿಗೆ ತಿರುಗಿಯಾರು ಎಂಬ ಚಿಂತೆಯನ್ನೆಲ್ಲ ಅವನು ಕಾರ್ಡಿನ ಮೂಲಕ ಬ್ಯಾಂಕಿಗೆ ಒಪ್ಪಿಸಿಬಿಡುತ್ತಾನೆ. ಮೇಲಾಗಿ, ಜೇಬಿನಲ್ಲಿ 1,000 ರೂಪಾಯಿಯುಳ್ಳವನು ಕಾರ್ಡಿನ ಧೈರ್ಯದಿಂದ 5,000 ರೂಪಾಯಿಯ ಸೀರೆಯನ್ನು ಕೊಳ್ಳುವನು. ಅದರಲ್ಲಿ 1,000 ರೂಪಾಯಿ ಲಾಭವಿದ್ದರೆ, 100 ರೂಪಾಯಿ ವಟ್ಟ ಹೋದರೂ ಬಟ್ಟೆಯಂಗಡಿಯವನಿಗೆ 900 ಉಳಿಯಿತಷ್ಟೆ. ನೂರಕ್ಕೆ 5 ಸಿಕ್ಕರೆ ಸಾಕೆನ್ನುವ ದಿನಸಿ ವ್ಯಾಪಾರಿಗಾದರೋ ಈ 2 ರೂಪಾಯಿ ಬಲು ಭಾರ. ಅವನು ಕಾರ್ಡನ್ನು ಒಪ್ಪುವುದು ಒಲವಿನಿಂದಲ್ಲ, ಪಕ್ಕದವನು ಒಪ್ಪುತ್ತಿರುವನೆಂಬ ಅಂಜಿಕೆಯಿಂದ.

ಈ ವಟ್ಟವನ್ನು ಕಟ್ಟಕಡೆಗೆ ತೆರುವವರಾರು? ವರ್ತಕನು ಕೂಡುವಷ್ಟು ಮಟ್ಟಿಗೆ ಅದನ್ನು ಸರಕಿನ ಬೆಲೆಯಲ್ಲಿಯೇ ಸೇರಿಸುವನು. ಬೆಲೆಯಾದರೋ ಎಲ್ಲರಿಗೂ ಒಂದೇ. ಹೀಗಾಗಿ ಕೂಲಿಯವನು ಎಣಿಸಿ ಕೊಟ್ಟ ನಗದಿನಲ್ಲಿ, ಕಾರ್ಡುಳ್ಳ ಅಧಿಕಾರಿಗೆ ಬ್ಯಾಂಕು ಕೊಡುವ ಬಹುಮಾನದ ವೆಚ್ಚವೂ ಅಡಗಿರುತ್ತದೆ. ನಮ್ಮ ವಾಚಕರಲ್ಲಿ ಅನೇಕರು ಈ ಬಹುಮಾನವನ್ನು ಪಡೆಯುವವರೇ ಆಗಿರುವುದರಿಂದ ಈ ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ಡೆಬಿಟ್ ಕಾರ್ಡಿನ ವಟ್ಟಕ್ಕೆ ರಿಜರ್ವ್ ಬ್ಯಾಂಕು 2012ರಲ್ಲಿಯೇ ಮಿತಿಯನ್ನು ಗೊತ್ತುಮಾಡಿತು. 2018ರಿಂದ, ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗಿನ ವಹಿವಾಟುಳ್ಳ ವರ್ತಕರಿಗೆ ಅದು ಶೇಕಡಾ 0.40ನ್ನು ಮೀರಕೂಡದೆಂದು ವಿಧಿಸಿತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡು ಮತ್ತು ಯುಪಿಐ ಪಾವತಿಗಳ ಮೇಲಿನ ವಟ್ಟವನ್ನು ಸರಕಾರವು ತೆಗೆದೇಹಾಕಿತು. ಅದೂ ಪುಕ್ಕಟೆಯಲ್ಲ, ಬೊಕ್ಕಸದಿಂದ ಬ್ಯಾಂಕುಗಳಿಗೆ ಪ್ರೋತ್ಸಾಹಧನವನ್ನು ಕೊಡಬೇಕಾಗಿ ಬಂದಿತು. ಯೂರೋಪಿನ ಒಕ್ಕೂಟವು 2015ರಲ್ಲಿ ನಡುವಣ ಹಾದಿಯನ್ನು ಹಿಡಿದು, ಕ್ರೆಡಿಟ್ ಕಾರ್ಡು ಕೊಟ್ಟ ಬ್ಯಾಂಕಿನ ಪಾಲನ್ನು ಶೇಕಡಾ 0.3ಕ್ಕೆ ಸೀಮಿತಗೊಳಿಸಿತು. ನಮ್ಮಲ್ಲಿ ಕ್ರೆಡಿಟ್ ಕಾರ್ಡಿಗೆ ಅಂತಹ ಸಾಮಾನ್ಯ ಮಿತಿಯನ್ನು ಗೊತ್ತುಮಾಡಿಲ್ಲ. ಸಣ್ಣ ವರ್ತಕರ ಮಟ್ಟಿಗಾದರೂ ಅದನ್ನು ವಿಧಿಸಲು ರಿಜರ್ವ್ ಬ್ಯಾಂಕು ಇನ್ನು ತಡಮಾಡಲಾಗದೆಂದು ನಾವು ಒತ್ತಾಯಿಸುತ್ತೇವೆ.